ಡ್ರೈವ್ ಬದಲ್ ಮಾಡ್ರಿ, ಸೆಟ್ಟಿಂಗ್ ಮುಟ್ಟಬ್ಯಾಡ್ರಿ

ಮೊನ್ನೆ ಮಂಗಳವಾರ ಮಧ್ಯಾಹ್ನ ನಾ ಇನ್ನೂ ಅಡಗಿ ಮನಿ ಕಟ್ಟಿ ಒರಸ್ತಿದ್ದೆ, ಬಾಜೂ ಮನಿ ವೈನಿ ಲ್ಯಾಪ್‌ಟಾಪ್ ಬಗಲಾಗ ಇಟಗೊಂಡು ಬಂದ್ರು. "ಇದನ್ನ ಮೋಡಕಾಕ್ಕ ಹಾಕೂದ ಆತು ನೋಡ" ಅಂದ್ರು. ಚಾಲೂ ಮಾಡಿ, ಚಹಾಕ್ಕಿಟ್ಟು, ಕುಡದು, ಕಪ್ಪು ತೊಳದು ಬಂದ್ರೂ ಇನ್ನೂ ಆ ಬಿಂದಿಗೋಳು ಗಿರಿಗಿರಿ ತಿರಗತಿರ್ತಾವಂತ. ಮಗ ಬೆಂಗಳೂರಿಂದ ಫೋನ್ ಮಾಡಿ, "ಅವ್ವಾ, ಹೊಸಾದು ತಗೋ, ಐವತ್ತೈದು ಸಾವಿರದಾಗ ಛಲೋದು ಬರ್ತದ" ಅಂದಾನ. ವೈನಿ ಕಡೆ ಅಷ್ಟು ರೊಕ್ಕ ಇಲ್ಲಂತಲ್ಲ. ಅದನ್ನ ಅವರು ಮಣಕಾಲಿನ ಆಪರೇಶನ್ನಿಗೆ ಅಂತ ತಗದಿಟ್ಟಿದ್ದು. ಮಗಗ ಅದು ಗೊತ್ತಿಲ್ಲ, ನನಗ ಗೊತ್ತದ.

ಲ್ಯಾಪ್‌ಟಾಪ್ ತಿರುವಿ ನೋಡಿದೆ. 2018ರ ಸಾಮಾನು. ಎಂಟನೇ ಪೀಳಿಗಿ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ಒಳಗ ಮಾತ್ರ ಒಂದು ಟಿಬಿ ಹಾರ್ಡ್ ಡಿಸ್ಕ್, ತಿರುಗೋ ನಮೂನಿದು. "ವೈನಿ, ಇದಕ್ಕೂ ನಿಮ್ಮಂಗ ಮಣಕಾಲಷ್ಟ ಹೋಗ್ಯಾವ. ಬದಲ್ ಮಾಡಿದ್ರ ಓಡ್ತದ" ಅಂದೆ. ನಕ್ಕರು, ಆದ್ರ ನಂಬಲಿಲ್ಲ.

ನಾನೇನು ಕಂಪ್ಯೂಟರ್ ಕಲತಾಕಿ ಅಲ್ಲ. ಮನ್ಯಾಗ ಕೂತು ಎರಡು ಅಂಗಡಿ ಲೆಕ್ಕ ಟ್ಯಾಲಿಯೊಳಗ ಬರೀತೀನಿ, ಅಷ್ಟ. ಆದ್ರ ಈ ವಿಷಯದಾಗ ಒಂದು ಸಲ ಗೆದ್ದೀನಿ, ಒಂದು ಸಲ ಭಾಳ ಕೆಟ್ಟ ಸೋತೀನಿ. ಅದಕ್ಕ ನನ್ನ ಅಭಿಪ್ರಾಯ ಖಡಾಖಡಿ ಅದ. ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕ್ರಿ, ಭಾಳ ಮಂದಿಗೆ ಅಷ್ಟರಾಗ ಕೆಲಸ ಆಗ್ತದ. ಹಾಕಿದ ಮ್ಯಾಲೆ "ಇನ್ನೂ ಜೋರು ಓಡಸ್ಲಿಕ್ಕೆ ಇಪ್ಪತ್ತು ಸೆಟ್ಟಿಂಗ್" ಅಂತ ಯಾರರೆ ಯಾದಿ ಕಳಿಸಿದ್ರ, ಆ ಯಾದಿ ಮುಚ್ಚಿ ಇಡ್ರಿ.

ಮೊದ್ಲ ಯಾಕ ಓಡ್ತದ ಅನ್ನೂದು. ಹಳೇ ಹಾರ್ಡ್ ಡಿಸ್ಕಿನ್ಯಾಗ ಒಂದು ತಟ್ಟಿ ತಿರಗತಿರ್ತದ, ನಿಮಿಷಕ್ಕ 5400 ಸುತ್ತು. ಅದರ ಮ್ಯಾಲೆ ಒಂದು ಕೈ ಆ ಕಡೆ ಈ ಕಡೆ ಸರದಾಡಿ ಬೇಕಾದ್ದನ್ನ ಹುಡಕ್ತದ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗಾ ಕೈ ಬುಡಕ ಬರೂತನಕ ಸರಾಸರಿ ಅರ್ಧ ಸುತ್ತು ಕಾಯಬೇಕು, ಕೈ ಸರಿಯೂ ಹೊತ್ತು ಬ್ಯಾರೆ. ಹಿಂಗಾಗಿ ಚಿಲ್ಲರೆ ಫೈಲ್ ಹುಡಕೂದಿದ್ರ ಸೆಕೆಂಡಿಗೆ ನೂರರ ಆಸುಪಾಸು ಸಿಗ್ತಾವ, ಅದರ ಮ್ಯಾಲಿಲ್ಲ. ವಿಂಡೋಸ್ ಚಾಲೂ ಆಗುಮುಂದ ಹಿಂತಾ ಚಿಲ್ಲರೆ ಫೈಲ್ ಸಾವಿರಗಟ್ಟಲೆ ಬೇಕು. ಒಬ್ಬಾಕಿ ಅಟ್ಟ ಹತ್ತಿ ಜೀರಗಿ ತಂದು, ಮತ್ತ ಹತ್ತಿ ಸಾಸಿವಿ ತಂದು, ಮತ್ತ ಹತ್ತಿ ಇಂಗು ತಂದಂಗ. ಎಸ್‌ಎಸ್‌ಡಿ ಅಂದ್ರ ಒಗ್ಗರಣಿ ಡಬ್ಬಿ ಕೈಯಾಗ ಇದ್ದಂಗ. ತಿರುಗೂದಿಲ್ಲ, ಸರಿಯೂದಿಲ್ಲ, ಒಳಗ ಬರೇ ಚಿಪ್ಪು. ಈ ಚಿಪ್ಪಿನ ಮೂಲ ತೋಶಿಬಾ ಕಂಪನಿಯೊಳಗಿದ್ದ ಫುಜಿಯೊ ಮಸುಓಕಾ ಅನ್ನೋ ಜಪಾನೀ ಎಂಜಿನಿಯರು. ನ್ಯಾಂಡ್ ಫ್ಲ್ಯಾಶ್ ಅಂತ 1987ರಾಗ ಜಗತ್ತಿಗೆ ತೋರ್ಸಿದ್ರು. ನಮ್ಮ ಫೋನು, ಪೆನ್ ಡ್ರೈವು ಎಲ್ಲಾದರಾಗೂ ಈಗ ಅದ ಅದ.

ನನ್ನ 2014ರ ಲ್ಯಾಪ್‌ಟಾಪಿಗೆ 2019ರ ದೀಪಾವಳಿ ಆದಮ್ಯಾಲೆ 240 ಜಿಬಿದು ಹಾಕಿಸಿದೆ. ಹಾಕಿಸೂಕಿಂತ ಮೊದ್ಲ ಅಳದು ಇಟಗೊಂಡಿದ್ದೆ, ಲೆಕ್ಕ ಬರಿಯಾಕಿ ಅಲ್ಲೇನ್ರಿ. ಫೋನಿನ ಸ್ಟಾಪ್‌ವಾಚ್ ಹಿಡದು, ರೀಸ್ಟಾರ್ಟ್ ಒತ್ತಿದಾಗಿಂದ ಟ್ಯಾಲಿಯೊಳಗ ಮೊದಲನೇ ವೌಚರ್ ಹೊಡೀಲಿಕ್ಕೆ ಬರೂತನಕ 4 ನಿಮಿಷ 40 ಸೆಕೆಂಡ್. ಹಾಕಿಸಿದ ಮ್ಯಾಲೆ 41 ಸೆಕೆಂಡ್. ದಿನಕ್ಕ ಎರಡು ಸಲ ಚಾಲೂ ಮಾಡಿದ್ರ ಎಂಟು ನಿಮಿಷ ಉಳೀತು. ಎಂಟು ನಿಮಿಷದಾಗ ನಾಕು ಭಕ್ರಿ ಬಡೀಬಹುದು.

ಅಳಿಯೂ ವಿಷಯ ಬಂತಲ್ಲ, ಒಂದೀಟು ಇಲ್ಲೇ ನಿಂದರ್ರಿ. ರೀಸ್ಟಾರ್ಟ್ ಅಂತ ನಾ ಬೇಕಂತ ಹೇಳೀನಿ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದ್ರ ಅದು ಪೂರಾ ಮಲಗೂದಿಲ್ಲ, ಫಾಸ್ಟ್ ಸ್ಟಾರ್ಟಪ್ ಅಂತ ಅರ್ಧ ನೆನಪು ಡಿಸ್ಕಿಗೆ ಬರ್ದಿಟ್ಟು ಮಲಗ್ತದ. ಮತ್ತ ಎಬ್ಬಿಸಿದ್ರ ಅದನ್ನ ಓದಿ ಲಗೂನ ಏಳ್ತದ. ಖರೇ ಅಳತಿ ಬೇಕಂದ್ರ ರೀಸ್ಟಾರ್ಟ್ ಮಾಡಿಯೇ ನೋಡಬೇಕು. ಒಮ್ಮೆ ತಗದ ಪ್ರೋಗ್ರಾಮ್ ಮುಚ್ಚಿ ಮತ್ತ ತಗದ್ರ ಅದೂ ಲಗೂ ಬರ್ತದ, ಯಾಕಂದ್ರ ಅದಿನ್ನೂ ರ‍್ಯಾಮಿನ್ಯಾಗ ಇರ್ತದ. ಅದನ್ನ ನೋಡಿ ಡ್ರೈವಿಗೆ ಶಾಬಾಶ್ ಅನಬ್ಯಾಡ್ರಿ. ಚಾರ್ಜರ್ ಹಚ್ಚಿಟ್ಟು ಮೂರು ಸಲ ಅಳೀರಿ, ಮೂರರಾಗ ನಡುವಿಂದು ಹಿಡೀರಿ. ಇಷ್ಟು ಸಾಕು.

ನನ್ನ ಅಕ್ಕನ ಮಗಗ ಇಷ್ಟು ಸಾಲೂದಿಲ್ಲ. ಅವಂಗ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಬೇಕು. ನನ್ನ ಡ್ರೈವಿನ ಮ್ಯಾಲೆ ಅದನ್ನ ಓಡಿಸಿ, "ಮೌಶಿ, ನಿಂದು ಬರೇ 510, ನಂದು 3400" ಅಂತ ಎದಿ ಉಬ್ಬಿಸಿ ಹೇಳ್ದ. ಅವಂದು ಎನ್‌ವಿಎಮ್‌ಇ ನಮೂನಿದು, ನಂದು ಸಾಟಾ. ಸಾಟಾ ದಾರಿಯೊಳಗ ಸೆಕೆಂಡಿಗೆ ಸುಮಾರು 550 ಎಂಬಿಕಿಂತ ಹೆಚ್ಚು ಹಾಯೂದ ಇಲ್ಲ. ಅದಕ್ಕ ನಾ ಅಂದೆ, "ತಮ್ಮಾ, ಮ್ಯಾಲಿನ ಸಾಲು ಬಿಡು, ಕೆಳಗಿಂದು ಓದು." ಮ್ಯಾಲಿನ ಸಾಲು ದೊಡ್ಡ ಫೈಲ್ ಒಂದೇ ಸಮ ಓದೂದರದು, ಸಿನೇಮಾ ನಕಲು ಮಾಡಿದಂಗ. ತೀರಾ ಕೆಳಗಿನ ಸಾಲು, ಆರ್‌ಎನ್‌ಡಿ 4ಕೆ ಕ್ಯೂ1 ಟಿ1 ಅಂತ ಬರ್ದಿರ್ತದಲ್ಲ, ಅದು ಚಿಲ್ಲರೆ ಫೈಲ್ ಒಂದೊಂದ ಹುಡುಕಿ ತರೂದರದು. ನನ್ನ ಹಳೇ ಹಾರ್ಡ್ ಡಿಸ್ಕ್ ಅದರಾಗ 0.45 ಕೊಟ್ಟಿತ್ತು. ಸಾಟಾ ಎಸ್‌ಎಸ್‌ಡಿ 24 ಕೊಡ್ತು, ಐವತ್ತು ಪಟ್ಟಿಗಿಂತ ಹೆಚ್ಚು. ಹುಡುಗನ ಎನ್‌ವಿಎಮ್‌ಇ 52 ಕೊಡ್ತು, ಅಂದ್ರ ನನ್ನ ಎರಡರಷ್ಟು. ಏಳರಷ್ಟಂತೂ ಅಲ್ಲ. ನಮ್ಮ ನಿಮ್ಮ ಕೆಲಸದಾಗ ಆ ಎರಡರಷ್ಟೂ ಕಣ್ಣಿಗೆ ಕಾಣೂದಿಲ್ಲ. ಯಾಕಂದ್ರ ಅಲ್ಲಿಂದ ಮುಂದ ತಡಾ ಮಾಡೂದು ಡ್ರೈವಲ್ಲ, ಪ್ರೊಸೆಸರು. ಹಳೇ ಲ್ಯಾಪ್‌ಟಾಪಿನ್ಯಾಗ ಎನ್‌ವಿಎಮ್‌ಇ ಕೂಡ್ಲಿಕ್ಕೆ ಜಾಗಾನೂ ಇರೂದಿಲ್ಲ ಬಿಡ್ರಿ. ಅಂಗಡಿಯವ 3500 ಅಂತ ಡಬ್ಬಿ ತೋರ್ಸಿದ್ರ, ಮೊದ್ಲ ನಮ್ಮದರಾಗ ಯಾವುದು ಕೂಡ್ತದ ಕೇಳ್ರಿ.

ಈಗ ಆ ಯಾದಿ ಕಡೆ ಬರ್ತೀನಿ. ನನ್ನ ಕೈಗೆ ಬಂದದ್ದು ಇಪ್ಪತ್ತೆರಡು ಕಲಮಿಂದು, ನಮ್ಮ ಕಡೆ ಒಬ್ಬರು ಫಾರ್ವರ್ಡ್ ಮಾಡಿದ್ದು. ಹಿಂತಾ ಯಾದಿ ಎಲ್ಲಾ ವಿಂಡೋಸ್ 7 ಬಂದ ಹೊಸದಾಗಿನ ಕಾಲದ್ದು. ಆಗ ಎಸ್‌ಎಸ್‌ಡಿ ತುಟ್ಟಿ, ಸಣ್ಣ, ಲಗೂ ಸವೀತಾವ ಅಂತ ಅಂಜಿಕಿ. ಆ ಅಂಜಿಕಿ ಹೋದ್ರೂ ಯಾದಿ ಉಳದಾವ.

ಉದಾಹರಣೆಗೆ, ಡಿಫ್ರ್ಯಾಗ್ ಬಂದ್ ಮಾಡ್ರಿ ಅಂತ ಬರ್ದಿತ್ತು. ಎಸ್‌ಎಸ್‌ಡಿಗೆ ಡಿಫ್ರ್ಯಾಗ್ ಬ್ಯಾಡ ಅನ್ನೂದು ಖರೇ, ಹೊರಗಿನ ಡಿಫ್ರ್ಯಾಗ್ ಸಾಫ್ಟ್‌ವೇರ್ ಹಾಕಬ್ಯಾಡ್ರಿ. ಆದ್ರ ವಿಂಡೋಸಿನ ಆಪ್ಟಿಮೈಜ್ ಡ್ರೈವ್ಸ್ ಅನ್ನೂದಕ್ಕ ಯಾವುದು ಎಸ್‌ಎಸ್‌ಡಿ, ಯಾವುದು ಹಾರ್ಡ್ ಡಿಸ್ಕ್ ತಿಳೀತದ. ಎಸ್‌ಎಸ್‌ಡಿ ಇದ್ರ ಅದು ವಾರಕ್ಕೊಮ್ಮೆ ಟ್ರಿಮ್ ಕಳಸ್ತದ. ಬಂದ್ ಮಾಡಿದ್ರ ಆ ಟ್ರಿಮ್ಮೂ ಬಂದ್.

ಟ್ರಿಮ್ ಅಂದ್ರೇನು ಅನ್ನೂದು ತಿಳಕೊಳ್ರಿ, ಮುಂದ ನನ್ನ ಸೋಲಿನ ಕತಿಗೆ ಬೇಕಾಗ್ತದ. ಇಡ್ಲಿ ಸ್ಟ್ಯಾಂಡ್ ನೆನಸ್ಕೊಳ್ರಿ. ಹಿಟ್ಟು ಒಂದೊಂದು ಕುಣಿಗೂ ಬ್ಯಾರೆ ಬ್ಯಾರೆ ಹಾಕಬಹುದು, ಆದ್ರ ತೊಳಿಯೂದು ಇಡೀ ತಟ್ಟಿ. ಎಸ್‌ಎಸ್‌ಡಿನೂ ಹಂಗ. ಬರಿಯೂದು ಸಣ್ಣ ಪುಟದಾಗ, ಅಳಿಸೂದು ನೂರಾರು ಪುಟ ಕೂಡಿದ ಇಡೀ ಬ್ಲಾಕ್. ಬರ್ದದ್ದರ ಮ್ಯಾಲೆ ಹಂಗ ತಿದ್ದಿ ಬರಿಯಾಕ ಬರೂದಿಲ್ಲ. ಹಿಂಗಾಗಿ ಅದು ಪುರಸತ್ತಿದ್ದಾಗ ಬೇಕಾದ ಪುಟ ಬ್ಯಾರೆ ಕಡೆ ಎತ್ತಿಟ್ಟು, ಹಳೇ ಬ್ಲಾಕ್ ತೊಳದು ಬೋರಲ ಹಾಕಿ ಇಟಗೋತದ. ಆದ್ರ ಯಾವುದು ಬೇಕು, ಯಾವುದು ನೀವು ಡಿಲೀಟ್ ಮಾಡೀರಿ ಅದಕ್ಕ ಹೆಂಗ ತಿಳೀಬೇಕು? ವಿಂಡೋಸ್ ಹೇಳಬೇಕು. ಆ ಹೇಳಿಕಿನೇ ಟ್ರಿಮ್. 2009ರ ವಿಂಡೋಸ್ 7ರಿಂದ ತಾನಾಗೇ ಚಾಲೂ ಇರ್ತದ, ನಾವೇನೂ ಮಾಡೂದು ಬ್ಯಾಡ. ಡ್ರೈವ್ ಕಂಠಮಟ ತುಂಬಿಸಿದ್ರ ತೊಳದಿಟ್ಟ ತಟ್ಟಿ ಕಮ್ಮಿ ಬಿದ್ದು ಬರಿಯೂದು ನಿಧಾನ ಆಗ್ತದ. ಅದಕ್ಕ ನೂರರಾಗ ಹದಿನೈದು-ಇಪ್ಪತ್ತು ಭಾಗ ಖಾಲಿ ಬಿಡ್ರಿ.

ಪೇಜ್ ಫೈಲ್ ತಗೀರಿ, ಡ್ರೈವ್ ಸವೀತದ ಅಂತ ಇನ್ನೊಂದು ಕಲಮು. ನಾ ತಗದೆ. ನಂದು 4 ಜಿಬಿ ರ‍್ಯಾಮ್. ಟ್ಯಾಲಿ ಮತ್ತ ಬ್ರೌಸರ್ ಕೂಡೇ ತಗದ್ರ "ಮೆಮೊರಿ ಸಾಲೂದಿಲ್ಲ" ಅಂತ ಹೇಳಿ ಟ್ಯಾಲಿ ಮುಚ್ಚಿ ಹೋತು, ಮಾರ್ಚ್ ತಿಂಗಳ ಕಡೀ ವಾರದಾಗ. ಮೈಕ್ರೋಸಾಫ್ಟಿನ ಎಂಜಿನಿಯರುಗಳು ಇದನ್ನ 2009ರಾಗೇ ಅಳದು ಹೇಳಿದ್ರು. ಪೇಜ್ ಫೈಲಿನ್ಯಾಗ ಬರಿಯೂದು ಒಂದಾದ್ರ ಓದೂದು ಸುಮಾರು ನಲವತ್ತು, ಎಸ್‌ಎಸ್‌ಡಿ ಮ್ಯಾಲೆ ಇಡ್ಲಿಕ್ಕೆ ಇದಕ್ಕಿಂತ ಛಲೋ ಫೈಲ್ ಸಿಗೂದು ಕಷ್ಟ ಅಂತ. ಮತ್ತ ಸವಿಯೂದು? ನನ್ನ ಡ್ರೈವ್ 80 ಟಿಬಿ ಬರಿಯೂತನಕ ತಾಳ್ತದ ಅಂತ ಕಂಪನಿ ಹೇಳ್ಯದ. ಆರು ವರ್ಷ ಆದಮ್ಯಾಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಾಗ ನೋಡಿದ್ರ 14 ಟಿಬಿ ಆಗ್ಯದ. ಈ ಲೆಕ್ಕದಾಗ ಇನ್ನೂ ಇಪ್ಪತ್ತೈದು ವರ್ಷ ಬರೀಬಹುದು. ನನ್ನ ಕಣ್ಣ ಮೊದ್ಲ ಹೋಗ್ತಾವ.

ಇನ್ನೊಂದು ಕಲಮು ಮಾತ್ರ ಅಪಾಯದ್ದು. ಡಿವೈಸ್ ಮ್ಯಾನೇಜರಿನ್ಯಾಗ ಹೋಗಿ ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ ಬಂದ್ ಮಾಡ್ರಿ ಅಂತ. ಅದನ್ನ ಬಂದ್ ಮಾಡಿದ್ರ, ಬರ್ದದ್ದು ಖರೇನ ಚಿಪ್ಪಿಗೆ ಮುಟ್ಟಿತೋ ಇಲ್ಲೋ ಅಂತ ಖಾತ್ರಿ ಮಾಡ್ಕೊಳ್ಳೂದು ನಿಲ್ತದ. ಕರೆಂಟ್ ಹೋಗದ ಊರಾಗ ನಡೀಬಹುದು. ನಮ್ಮ ಧಾರವಾಡದಾಗ ಮಳಿ ಮಾಡ ಕಟ್ಟಿದ್ರ ಸಾಕು ಲೈಟ್ ಹೋಗ್ತದ, ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲ ಆಗಿರ್ತದ. ಹಿಂತಾದ್ರಾಗ ಅದನ್ನ ಬಂದ್ ಮಾಡೂದು ಅಂದ್ರ ಇಡೀ ವರ್ಷದ ಲೆಕ್ಕ ಕಟ್ಟಿ ಮ್ಯಾಲೆ ಇಟ್ಟಂಗ.

ಇಂಡೆಕ್ಸಿಂಗು, ಸಿಸ್ಟಮ್ ರಿಸ್ಟೋರು, ಹೈಬರ್ನೇಟು, ಇವನ್ನೂ ಬಂದ್ ಮಾಡ್ರಿ ಅಂತ ಬರ್ದಿತ್ತು. ಒಂದೊಂದನ್ನೂ ಬಂದ್ ಮಾಡಿ ಸ್ಟಾಪ್‌ವಾಚ್ ಹಿಡದು ನೋಡಿದೆ. 41 ಇದ್ದದ್ದು 40, 42, 41. ಏನೂ ಇಲ್ಲ. ಎಲ್ಲಾ ತಿರುಗಿ ಚಾಲೂ ಮಾಡಿದೆ.

ಅಲ್ಲಿಗೇ ನಿಂತಿದ್ರ ಛಲೋ ಇತ್ತು. ಹದಿನಾರನೇ ಕಲಮು: ಜಾಗಾ ಖಾಲಿ ಇಡ್ರಿ, ಡೌನ್‌ಲೋಡ್ಸ್ ಫೋಲ್ಡರ್ ಆಗಾಗ ಪೂರಾ ಬಳದು ಹಾಕ್ರಿ, ಶಿಫ್ಟ್ ಒತ್ತಿ ಡಿಲೀಟ್ ಮಾಡ್ರಿ, ಅಂದ್ರ ರೀಸೈಕಲ್ ಬಿನ್ನಿನ್ಯಾಗ ಸುದ್ದಾ ಜಾಗಾ ಹಿಡಿಯೂದಿಲ್ಲ. ನಂದು ಮೊದ್ಲ ಕಸಬರಗಿ ಕೈ, ಹೊಲಸು ಕಂಡ್ರ ತಡಿಯೂದಿಲ್ಲ. 2020ರ ಸಂಕ್ರಾಂತಿ ಹಿಂದಿನ ದಿನ ಮನಿ ಸ್ವಚ್ಛ ಮಾಡಿದ ಹುರುಪಿನ್ಯಾಗ ಅದನ್ನೂ ಬಳದೆ.

ನಮ್ಮ ಅತ್ತಿಯವರು ಹೋಗೂದಕ್ಕ ಒಂದು ವರ್ಷ ಮೊದ್ಲ, ಶ್ರಾವಣ ಶುಕ್ರವಾರ ಅವರನ್ನ ಕೂಡ್ರಿಸಿ ಫೋನಿನ್ಯಾಗ ಹಾಡು ಹಿಡದಿದ್ದೆ. ಗೌರಿ ಹಾಡು, ಆರತಿ ಹಾಡು, ಹುಡುಗರನ್ನ ಎರಿಯೂ ಹಾಡು, ಒಟ್ಟು ಹದಿನೇಳು. ನಡುನಡುವೆ ಕೆಮ್ಮು, "ಸಾಕೇನ, ಇನ್ನೂ ಬೇಕೇನ" ಅಂತ ಕೇಳೂದು, ಹಿಂದ ಕುಕ್ಕರ್ ಸೀಟಿ. ಫೋನ್ ಬದಲ್ ಮಾಡುಮುಂದ ಅವನ್ನ ಲ್ಯಾಪ್‌ಟಾಪಿಗೆ ಇಳಿಸಿದ್ದೆ. ಅವು ಡೌನ್‌ಲೋಡ್ಸ್‌ನ್ಯಾಗೇ ಬಿದ್ದಿದ್ದು. ಮುಂದ ಎಂದರೆ ಬ್ಯಾರೆ ಕಡೆ ಇಡೂಣು ಅಂತ.

ಎಳ್ಳು ಬೀರಿ ಬಂದು ರಾತ್ರಿ ನೆನಪಾತು. ಮರುದಿನ ಹುಬ್ಬಳ್ಳಿಗೆ ಒಯ್ದೆ, ಡಾಟಾ ತಗದು ಕೊಡೋ ಅಂಗಡಿಗೆ. ಆ ಹುಡುಗ ಭಾಳ ಮರ್ಯಾದಿಯಿಂದ ಮಾತಾಡ್ದ. ಸಾಫ್ಟ್‌ವೇರ್ ಹಾಕಿ ಹುಡುಕಿದ. ಹದಿನೇಳೂ ಹೆಸರು ಬಂದ್ವು. ಅಳತಿ ಸುದ್ದಾ ಸರಿ ಬಂತು, ಒಂದು 3 ಎಂಬಿ, ಒಂದು 5 ಎಂಬಿ. ನನ್ನ ಕಣ್ಣಾಗ ನೀರು ಬಂದ್ವು. ಒಂದನ್ನ ಒತ್ತಿದ, ಆಡಲಿಲ್ಲ. ಇನ್ನೊಂದು ಒತ್ತಿದ, ಆಡಲಿಲ್ಲ. ಒಳಗ ತಗದು ತೋರ್ಸಿದ, ಸಾಲಿಗೆ ಸಾಲು ಬರೇ ಸೊನ್ನಿ. "ಅಕ್ಕಾರ, ಹಳೇ ಹಾರ್ಡ್ ಡಿಸ್ಕ್ ಆಗಿದ್ರ ಕೊಡ್ತಿದ್ದೆ. ಎಸ್‌ಎಸ್‌ಡಿಯೊಳಗ ಟ್ರಿಮ್ ಹೋದಮ್ಯಾಲೆ ಏನೂ ಇರೂದಿಲ್ರಿ" ಅಂದ. ರೊಕ್ಕ ತಗೊಳ್ಳಲಿಲ್ಲ.

ಹಾರ್ಡ್ ಡಿಸ್ಕಿನ್ಯಾಗ ಡಿಲೀಟ್ ಅಂದ್ರ ಚೀಟಿ ಕಿತ್ತಿ ಒಗದಂಗ, ಡಬ್ಬಿ ಒಳಗಿಂದು ಅಲ್ಲೇ ಇರ್ತದ, ಅದರ ಮ್ಯಾಲೆ ಬ್ಯಾರೆ ಏನರೆ ಬೀಳೂತನಕ. ಎಸ್‌ಎಸ್‌ಡಿಯೊಳಗ ವಿಂಡೋಸ್ ತಕ್ಷಣ ಟ್ರಿಮ್ ಕಳಸ್ತದ, ಡ್ರೈವ್ ಅದನ್ನ ತೊಳಿಯೂ ಸಾಲಿಗೆ ಹಾಕ್ತದ. ಅದು ವೇಗ ಇಟಗೊಳ್ಳೂ ರೀತಿನೇ ಅದು. ಯಾವ ಗುಣಕ್ಕ ನಾ ಅದನ್ನ ಹೊಗಳ್ತಿದ್ದೆನೋ ಅದ ಗುಣ ಅತ್ತಿಯವರ ಹಾಡು ತೊಳದು ಹಾಕ್ತು. ಆ ಇಪ್ಪತ್ತೆರಡು ಕಲಮಿನ್ಯಾಗ ಇದನ್ನ ಯಾರೂ ಬರ್ದಿರಲಿಲ್ಲ. ಸಿಟ್ಟು ಯಾದಿ ಕಳಿಸಿದವರ ಮ್ಯಾಲೆ ಇಲ್ಲ, ಅವರೂ ಓದಿರಲಿಕ್ಕಿಲ್ಲ. ಒಂದು ವರ್ಷ ತಡಾ ಮಾಡಿದ ನನ್ನ ಮ್ಯಾಲೆ ಅದ.

ಮೂರು ಹಾಡು ತಿರುಗಿ ಸಿಕ್ವು. ಪುಣೇದಾಗಿನ ನಾದಿನಿಗೆ ಆಗ ವಾಟ್ಸಾಪಿನ್ಯಾಗ ಕಳಿಸಿದ್ದೆ, ಆಕಿ ಇಟಗೊಂಡಿದ್ಲು. ಹದಿನಾಕು ಹೋದ್ವು.

ಅದಕ್ಕ ಈಗ ನನ್ನ ಕಡೆ ಯಾರರೆ ಎಸ್‌ಎಸ್‌ಡಿ ಹಾಕ್ಲೇನು ಅಂತ ಕೇಳಿದ್ರ, ವೇಗದ ಮಾತು ಆಮ್ಯಾಲೆ ಆಡ್ತೀನಿ. ಮೊದ್ಲ ಕೇಳೂದು, ಫೋಟೋ ಎಲ್ಲೆಲ್ಲಿ ಅವ? ಒಂದೇ ಕಡೆ ಇದ್ರ ಇಲ್ಲಂತನ ತಿಳೀರಿ. ಎಸ್‌ಎಸ್‌ಡಿ ಸಾಯುಮುಂದ ಹಾರ್ಡ್ ಡಿಸ್ಕಿನಂಗ ಟಕ್ ಟಕ್ ಅಂತ ಹೇಳಿ ಸಾಯೂದಿಲ್ಲ, ರಾತ್ರಿ ಛಲೋ ಇದ್ದದ್ದು ಮುಂಜಾನೆ ಏಳೂದ ಇಲ್ಲ. ಇನ್ನೊಂದು ತಪ್ಪೂ ಮಾಡಬ್ಯಾಡ್ರಿ, ಎಲ್ಲಾ ಫೋಟೋ ಎಸ್‌ಎಸ್‌ಡಿಗೆ ತುಂಬಿ ಟ್ರೆಜರಿಯೊಳಗ ವರ್ಷಗಟ್ಟಲೆ ಇಡೂದು. ಕರೆಂಟ್ ಇಲ್ಲದ ಬಿದ್ದಿದ್ರ ಚಿಪ್ಪಿನ ಒಳಗಿನ ಚಾರ್ಜ್ ನಿಧಾನಕ್ಕ ಇಳೀತದ. ಪೂರಾ ಸವದ ಡ್ರೈವು 30 ಡಿಗ್ರಿ ಶಾಖದಾಗ ಒಂದು ವರ್ಷ ತಾಳಿದ್ರ ಸಾಕು ಅಂತನ ಉದ್ಯಮದವರು ನಿಯಮ ಮಾಡ್ಕೊಂಡಾರ. ಹೊಸಾದು ಇನ್ನೂ ಹೆಚ್ಚು ತಾಳ್ತದ, ಆದ್ರ ಕಪಾಟಿನ ಕೆಲಸಕ್ಕ ಹಳೇ ತಿರುಗೋ ಹಾರ್ಡ್ ಡಿಸ್ಕೇ ಛಲೋ. ಲ್ಯಾಪ್‌ಟಾಪಿಂದ ತಗದದ್ದನ್ನ ಒಗೀಬ್ಯಾಡ್ರಿ, ಒಂದು ಡಬ್ಬಿ ಕೇಸ್ ತಂದು ಹಾಕಿದ್ರ ಅದ ಹೊರಗಿನ ಡಿಸ್ಕ್ ಆಗ್ತದ. ಡಿವಿಡಿ ಇಡೋ ಜಾಗಾ ಇದ್ರ ಕ್ಯಾಡಿ ಹಾಕಿ ಅಲ್ಲೇ ಕೂಡಿಸ್ಲಿಕ್ಕೂ ಬರ್ತದ. ಕ್ಯಾಡಿಯೊಳಗ 9.5 ಮಿಲಿಮೀಟರ್ ಮತ್ತ 12.7 ಮಿಲಿಮೀಟರ್ ಅಂತ ಎರಡು ದಪ್ಪ ಬರ್ತಾವ, ಅಳದು ತಗೋರಿ.

ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕ ಬೆಂಬಲ ನಿಲ್ಲಿಸ್ಯದ, ಹೊಸಾದ ತಗೋಬೇಕಲ್ಲಾ ಅಂತ ವೈನಿ ಮಗ ನನಗೂ ಫೋನಿನ್ಯಾಗ ಅಂದ. ಅದು ಸುಳ್ಳಲ್ಲ, ಬ್ಯಾಂಕಿನ ಕೆಲಸ ಮಾಡವರು ಅದನ್ನ ಹಗರ ತಗೋಬಾರದು. ನನ್ನ 2014ರದಕ್ಕ ವಿಂಡೋಸ್ 11 ಕೂಡೂದಿಲ್ಲ, ಅದು ಇನ್ನ ಎಷ್ಟು ದಿನದ್ದು ನೋಡಬೇಕು. ಆದ್ರ ವೈನಿದು ಎಂಟನೇ ಪೀಳಿಗಿದು, ಅದಕ್ಕ 11 ಕೂಡ್ತದ. ತಿರುಗೋ ಡಿಸ್ಕಿನ ಮ್ಯಾಲೆ 11 ತೆವಳ್ತದ, ಎಸ್‌ಎಸ್‌ಡಿ ಮ್ಯಾಲೆ ನಡೀತದ. "ಐವತ್ತೈದು ಸಾವಿರ ಯಾತಕ್ಕ ಇಟ್ಟದ್ದು ಅಂತ ನಿಮ್ಮ ಅವ್ವನ್ನ ಕೇಳು" ಅಂತಷ್ಟ ಹೇಳಿ ಫೋನ್ ಇಟ್ಟೆ.

ನಿನ್ನೆ ಅವರ ಒಂದು ಟಿಬಿಯೊಳಗ ಎಷ್ಟು ತುಂಬ್ಯದ ನೋಡಿದ್ವಿ, 180 ಜಿಬಿ ಅಷ್ಟ. 500 ಜಿಬಿದು ಸಾಕು ಅಂತ ತಂದ್ವಿ. ಡ್ರೈವ್ ಬಿಚ್ಚೂಕಿಂತ ಮೊದ್ಲ ಅವರ ಮಗಳ ಮದವಿ ಫೋಟೋ, ಕಾಕಾ ಅವರ ಪೆನ್ಶನ್ ಕಾಗದ ಎಲ್ಲಾ ನನ್ನ ಹೊರಗಿನ ಡಿಸ್ಕಿಗೆ ಒಂದು ನಕಲು, ಅವರ ಮಗಳ ಮನಿಗೆ ಒಂದು ನಕಲು. ಡೌನ್‌ಲೋಡ್ಸ್ ಫೋಲ್ಡರ್ ತಗದು ಒಂದೊಂದ ಫೈಲ್ ಇಬ್ಬರೂ ಕೂತು ನೋಡಿದ್ವಿ. ನಡುವ ಒಂದು ಧ್ವನಿ ಫೈಲ್ ಇತ್ತು, ವೈನಿ ತಮ್ಮಂದು, ಕೋವಿಡ್ ವರ್ಷ ಹೋದ್ರಲ್ಲ, ಅವರದು. "ಇದು ಇಲ್ಲಿ ಹೆಂಗ ಬಂತು" ಅಂತ ವೈನಿ ಭಾಳ ಹೊತ್ತು ಸುಮ್ಮನ ಕೂತ್ರು.

ಈಗ ಹೊಸಾದಕ್ಕ ನಕಲು ಇಳೀಲಿಕ್ಕೆ ಹತ್ಯದ, ನೂರಕ್ಕ 61 ಅಂತ ತೋರಸ್ತದ. ಹಳೇದರಾಗ ಅವರ ಅಳತಿ 5 ನಿಮಿಷ 12 ಸೆಕೆಂಡ್ ಬರ್ದಿಟ್ಟೀನಿ. ಹೊಸಾದು ಎಷ್ಟು ಬಂತು ಅನ್ನೂದು ಸಂಜೀಕ ತಿಳೀತದ, ಕೆಳಗ ಸೇರಸ್ತೀನಿ. ಲೈಟ್ ಒಂದು ಹೋಗದಿದ್ರ ಸಾಕು.